ಖಾಲಿ ಬಂದ ಡಬ್ಬಿ

ಡಬ್ಬಿ ಖಾಲಿ ಬಂದಿತ್ತು. ಶಿವಕಾಂತಮ್ಮ ಮುಚ್ಚಳ ತೆಗೆದು ನೋಡಿದಳು, ಮತ್ತೊಮ್ಮೆ ನೋಡಿದಳು. ತೊಳೆದು ಒರೆಸಿದ ಸ್ಟೀಲಿನ ತಳ ಬಿಟ್ಟರೆ ಒಳಗೆ ಏನೂ ಇಲ್ಲ. ಹೋಳಿಗೆ ತುಂಬಿ ಕಳಿಸಿದ್ದ ಡಬ್ಬಿ! ಇಕ್ಬಾಲ್ ಬೇಗಂ ಮನೆಯಿಂದ ಅದು ಯಾವತ್ತೂ ಹೀಗೆ ಬಂದದ್ದಿಲ್ಲ. ಅವಳ ತವರು ಕಮಲಾಪುರದ ಕೆಂಪು ಬಾಳೆಹಣ್ಣು, ರಂಜಾನಿನಲ್ಲಿ ಶಾವಿಗೆ ಪಾಯಸದ ಸುರಕುಂಬಾ, ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತಿತ್ತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಮರಳಿಸಿದರೆ ಮುಖಕ್ಕೆ ಹೊಡೆದಂತೆ ಎಂಬುದು ಕಾಲೊನಿಯ ಎಲ್ಲ ಹೆಂಗಸರಿಗೂ ಗೊತ್ತು. ಬೇಗಮಳ ಮಗಳು ಮುಬಶ್ಶಿರಾ ಅದನ್ನು ಕಟ್ಟೆಯ ಮೇಲಿಟ್ಟು, ತಲೆಯೆತ್ತದೆ ಹೋಗಿಬಿಟ್ಟಿದ್ದಳು.

ಸೇಡಂ ರಸ್ತೆಯ ಆ ಕಾಲೊನಿಯಲ್ಲಿ ಮುಂದಿನ ಗಲ್ಲಿ ಹಿಂದೂಗಳದ್ದು, ಹಿಂದಿನದು ಮುಸಲ್ಮಾನರದ್ದು. ನಡುವಿನ ಗೋಡೆ ಒಡೆಸಿ ಗೇಟು ಕೂಡಿಸಿದವರು ಈ ಇಬ್ಬರು ಹೆಂಗಸರೇ. ಗಂಡಸರು ಆಗಲೂ ಗೊಣಗಿದ್ದರು. ಗೊಣಗುವುದಕ್ಕೆ ಅವರಿಗೆ ಕಾರಣ ಬೇಕೆಂದೇನೂ ಇಲ್ಲ. ಹೋದ ವಾರ ಬೈಕು ತಾಗಿದ ನೆಪಕ್ಕೆ ಎರಡೂ ಗಲ್ಲಿಯ ಹುಡುಗರು ಕೈ ಕೈ ಮಿಲಾಯಿಸಿದ ಮೇಲೆ, ಗೇಟಿಗೆ ಕೀಲಿ ಜಡಿಯಿರೆಂದು ಪಕ್ಕದ ಮನೆಯ ಗುರುಲಿಂಗಪ್ಪ ದಿನಾ ಬಾಗಿಲಿಗೆ ಬರುತ್ತಿದ್ದ. ಕೀಲಿ, ಕೀಲಿಕೈ ಎರಡೂ ಶಿವಕಾಂತಮ್ಮನ ಬಳಿ. ಅವಳು ಜಗ್ಗಿರಲಿಲ್ಲ. ಜಗಳ ಆರಲೆಂದೇ ಶ್ರಾವಣ ಸೋಮವಾರದ ಹೋಳಿಗೆ ಕಳಿಸಿದ್ದಳು.

"ನೋಡ್ರಿ, ನಾ ಹೇಳಿದ್ದಿಲ್ಲೇನು? ಅವರಿಗಿ ನಿಮ್ಮ ಹೋಳಗಿನೂ ಬ್ಯಾಡ, ನೀವೂ ಬ್ಯಾಡ," ಎಂದ, ಬಾಗಿಲಿಗೆ ಬಂದು ಖಾಲಿ ಡಬ್ಬಿ ಕಂಡ ಗುರುಲಿಂಗಪ್ಪ.

ಅವಮಾನ ನೆತ್ತಿಗೇರಿತು. ಇಷ್ಟು ವರ್ಷ ತಾನೊಬ್ಬಳೇ ಹುಚ್ಚಿಯಂತೆ ಸ್ನೇಹ ಹೊತ್ತು ತಿರುಗಿದೆನೇ? ಎದ್ದು ಹೋಗಿ ಗೇಟಿಗೆ ಕೀಲಿ ಹಾಕಿದಳು. ಆಚೆಯಿಂದ ಕಾಯಿಪಲ್ಯದ ಚೀಲ ಹಿಡಿದು ಬರುತ್ತಿದ್ದ ಮುದುಕನೊಬ್ಬ ಅಲ್ಲೇ ನಿಂತ. ಬಂದ ದಾರಿಯಲ್ಲೇ ತಿರುಗಿ ಹೋದ.

ಮಧ್ಯಾಹ್ನ ಆಟೊ ಓಡಿಸುವ ಜೈಭೀಮ ಬಂದ. "ಕಾಂತಕ್ಕ, ನೀವು ಕಮಲಾಪುರಕ್ಕ ಹೋಗ್ಲಿಲ್ಲೇನ್ರಿ? ಬೇಗಂ ಅವರ ಅವ್ವ ನಸಿಕಿನ್ಯಾಗ ತೀರ್ಕೊಂಡಾರ. ಬೇಗಂ ಅವರನ್ನ, ಮಗಳನ್ನ ನಾನೇ ಬಸ್ ಸ್ಟ್ಯಾಂಡಿಗಿ ಬಿಟ್ಟು ಬಂದೀನಿ."

ಶಿವಕಾಂತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವರಲ್ಲಿ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಊಟ ನೆರೆಯವರೇ ಕೊಡಬೇಕು. ಬೇಗಮಳ ಗಂಡ ಹೋದಾಗ ಆ ಮೂರು ದಿನ ರೊಟ್ಟಿ ಬಡಿದವಳು ಇವಳೇ. ಈಗ ಆ ಮನೆಯ ದಾರಿಗೇ ಕೀಲಿ ಹಾಕಿ ಕೂತಿದ್ದಾಳೆ! ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ ಅದೇ ಡಬ್ಬಿಗೆ ತುಂಬಿದಳು. ಹೊರಡುವ ಮುನ್ನ ಗೇಟಿನ ಕೀಲಿ ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಇದೇನ್ರಿ ಅಕ್ಕಾರ, ಈಗ ಹಾಕಿ ಈಗ ತೆಗಿಲಾಕತ್ತೀರಿ?" ಗುರುಲಿಂಗಪ್ಪ ಅಡ್ಡ ನಿಂತ.

"ಸರಿ ಅತ್ಲಾಗ," ಎಂದಳು. ಸರಿದ.

ಕಮಲಾಪುರದ ಆ ಮನೆಯಂಗಳದಲ್ಲಿ ಕೂತಿದ್ದ ಗಂಡಸರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಗೇಟಿನ ಸುದ್ದಿ ಫೋನಿನಲ್ಲಿ ಆಗಲೇ ಮುಟ್ಟಿದೆಯೆಂದು ಆ ಮೌನದಲ್ಲೇ ತಿಳಿಯಿತು. ಹೊರಗೆ ಹೋಗು ಎಂದರೆ ಏನು ಮಾಡುವುದು? ಆದರೂ ಒಳಗೆ ಹೋದಳು. ಗೋಡೆಗೆ ಒರಗಿ ಕೂತಿದ್ದ ಬೇಗಂ ಏಳಲಿಲ್ಲ.

"ನನಗ್ಯಾಕ ಹೇಳ್ಲಿಲ್ಲ, ಬೇಗಂ?"

"ಹೇಳಿದ ಮ್ಯಾಲೂ ನೀ ಬರ್ಲಿಲ್ಲಂದ್ರ, ಕಾಂತಕ್ಕ? ಒಂದೇ ದಿನ ಎರಡು ಸಾವು ಹೆಂಗ ತಡಕೊಳ್ಳಲಿ?"

"ಡಬ್ಬಿ ಖಾಲಿ ಕಳಸಿದ್ದಿ..."

"ಸಾವಿನ ಮನಿಯಿಂದ, ಶ್ರಾವಣದಾಗ, ನಿಮ್ಮ ಮನಿಗಿ ಏನ್ ಕಳಸಲಿ? ನಿಮಗ ಕೆಟ್ಟದಾಗಬಾರದಂತ ಖಾಲಿ ಕಳಸೀನಿ."

ಶಿವಕಾಂತಮ್ಮನಿಗೆ ಅಳು ತಡೆಯಲಾಗಲಿಲ್ಲ. ರೊಟ್ಟಿ ಮುರಿದು ಅವಳ ಬಾಯಿಯ ಹತ್ತಿರ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಕೊನೆಗೆ ಬೇಗಂ ಬಾಯಿ ತೆರೆದಳು.

ಹೊರಡುವಾಗ ಮುಬಶ್ಶಿರಾ ತೊಳೆದ ಡಬ್ಬಿಯನ್ನು ಅಳುಕುತ್ತ ಚಾಚಿದಳು. ಅದು ಈಗಲೂ ಖಾಲಿಯೇ. ಶಿವಕಾಂತಮ್ಮ ಚೀಲದಿಂದ ಗೇಟಿನ ಕೀಲಿ, ಕೀಲಿಕೈ ಎರಡನ್ನೂ ತೆಗೆದು ಅದರೊಳಗೆ ಹಾಕಿ, ಮುಚ್ಚಳ ಮುಚ್ಚಿ, ಬೇಗಮಳ ಮಡಿಲಲ್ಲಿಟ್ಟಳು.

"ಇದು ಇನ್ನ ನಿನ್ನ ಮನ್ಯಾಗೇ ಇರ್ಲಿ. ನಾಳಿ ಊಟ ಬ್ಯಾರೆ ಡಬ್ಬ್ಯಾಗ ತರ್ತೀನಿ."