ಮನೆಯಲ್ಲಿ ಎಷ್ಟು ಜನ

ಪೇಟೆಯ ಫ್ಲ್ಯಾಟುಗಳಲ್ಲಿ ಎಷ್ಟು ಖಾಲಿ ಬಿದ್ದಿವೆ ಎಂಬುದೇ ಅಕ್ಷಿತಾಳ ಪಿಎಚ್‌ಡಿ ವಿಷಯ. ಪ್ರಬಂಧ ಒಪ್ಪಿಸಲು ಉಳಿದದ್ದು ಎರಡೇ ದಿನ. ಫರಂಗಿಪೇಟೆಯಲ್ಲಿ ಕಾಂತಿಯಕ್ಕನ ಫ್ಲ್ಯಾಟಿನ ಮುಂದೆ ನಿಂತು ಕೊನೆಯ ಫಾರಂ ತುಂಬಿಸುವಾಗ, ಹೊರಗಿದ್ದ ಒಂದೇ ಜೋಡಿ ಚಪ್ಪಲಿ ಅವಳ ಕಣ್ಣಿಗೆ ಬಿತ್ತು.

"ಐದು ಜನ ಅಂತ ಹೇಳಿದ್ರಲ್ಲ ಅಕ್ಕ, ಉಳಿದವರು ಎಲ್ಲಿ?"

"ಗಂಡ ಕುವೈತಿನಲ್ಲಿ, ಮೈದುನರು ಮೂವರೂ ದುಬಾಯಿಯಲ್ಲಿ. ನಾನೂ ತಾಯಿಮನೆಯಲ್ಲೇ ಇರುವುದು. ಇಲ್ಲಿಗೆ ವಾರಕ್ಕೊಮ್ಮೆ ಗುಡಿಸ್ಲಿಕ್ಕೆ ಬರ್ತೇನೆ. ಆದ್ರೂ ಮನೆಯಲ್ಲಿ ಐದು ಜನವೇ ಅಲ್ವಾ ಮಾರಾಯ್ತಿ!"

ಫಾರಂನಲ್ಲಿ ಆಗಲೇ ಬರೆದಿದ್ದ ಐದನ್ನು ಅಕ್ಷಿತಾ ಮತ್ತೊಮ್ಮೆ ನೋಡಿದಳು. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಮುನ್ನೂರು ಮನೆಗಳಲ್ಲಿ ಅವಳು ಕೇಳಿದ್ದು ಇದೊಂದೇ ಪ್ರಶ್ನೆ: ಮನೆಯಲ್ಲಿ ಎಷ್ಟು ಜನ? ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು ಬಂದಿದ್ದಳು, ದಡ್ಡಿ. ಖಾಲಿ ಮನೆಗಳು ಕಡಿಮೆ ಎಂದು ಒಂದು ಅಧ್ಯಾಯವನ್ನೇ ಬರೆದಾಗಿತ್ತು.

ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಚೀಲದಿಂದ ಫಾರಂಗಳನ್ನು ಹೊರಗೆಳೆದು, ತನಗೆ ಗೊತ್ತಿದ್ದ ಮನೆಗಳದ್ದನ್ನಾದರೂ ತಿದ್ದಲು ಹೊರಟಳು. ಎಲ್ಲಕ್ಕಿಂತ ಮೇಲಿದ್ದದ್ದು ಮೊದಲ ಫಾರಂ. ಪ್ರಯೋಗಕ್ಕೆಂದು ತನ್ನ ಮನೆಯದ್ದನ್ನೇ ತುಂಬಿಸಿದ್ದಳು. ಅದರಲ್ಲಿ ಅವಳದೇ ಅಕ್ಷರ: ನಾಲ್ಕು ಜನ. ಅಣ್ಣ ಶೋಧನ್ ಬಹರೈನಿಗೆ ಹೋಗಿ ಆರು ವರ್ಷವಾಗಿತ್ತು.

ನಾಲ್ಕನ್ನು ಹೊಡೆದು ಮೂರು ಮಾಡಬೇಕಿತ್ತು. ಪೆನ್ನು ಏಳಲಿಲ್ಲ.