ಇಂಗ್ಲಿಷಿನಲ್ಲಿ ಹೇಳಲಾಗದ ಕಿವಿನೋವು

ನಮ್ಮ ಮಹಿಳಾ ಸಂಘದ ಅಕ್ಕತಂಗಿಯರೇ, ನಾನು ಪಂಚನಹಳ್ಳಿಯ ಅನುಷಾ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ಆದದ್ದು ನಿಮ್ಮ ಮನೆಯಲ್ಲಿ ಆಗದಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರಿಗೆ ಬೆಳಿಗ್ಗೆ ಎಂಟಕ್ಕೆ ಶಾಲೆಯ ವ್ಯಾನು ಬರುತ್ತದೆ. ಟೈ ಕಟ್ಟಿಕೊಂಡ ಮಕ್ಕಳು ಹತ್ತುತ್ತಾರೆ. ಯಾರ ಮಗು ಎಷ್ಟು ಇಂಗ್ಲಿಷ್ ಮಾತಾಡುತ್ತದೆ ಅನ್ನುವುದೇ ಅಲ್ಲಿ ನಿಂತ ತಾಯಂದಿರ ನಡುವೆ ಪೈಪೋಟಿ. ನಾನು ಪಿಯುಸಿಯಲ್ಲಿ ಇಂಗ್ಲಿಷಿನಲ್ಲೇ ಫೇಲಾದವಳು. ಮಗಳು ಸ್ಪೂರ್ತಿಗೆ ಆ ಗತಿ ಬರಬಾರದು ಅಂತ ಹಟ ಹಿಡಿದೆ.

ಅವಳು ಎರಡನೇ ಕ್ಲಾಸಿಗೆ ಬಂದಾಗ, ಮನೆಯಲ್ಲೂ ಸ್ವಲ್ಪ ಇಂಗ್ಲಿಷ್ ಮಾತಾಡಿಸಿ ಅಂತ ಶಾಲೆಯವರು ಡೈರಿಯಲ್ಲಿ ಬರೆದು ಕಳಿಸಿದರು. ಅವರು ಸ್ವಲ್ಪ ಅಂದದ್ದನ್ನು ನಾನು ಕಾನೂನು ಮಾಡಿದೆ. ಮಗಳ ಜೊತೆ ಮನೆಯಲ್ಲಿ ಯಾರೂ ಕನ್ನಡ ಆಡಕೂಡದು. ನನಗೆ ಬರುವ ಹತ್ತಿಪ್ಪತ್ತು ಇಂಗ್ಲಿಷ್ ವಾಕ್ಯಗಳಲ್ಲೇ ಅವಳನ್ನು ಎಬ್ಬಿಸಿದೆ, ಉಣ್ಣಿಸಿದೆ, ಗದರಿಸಿದೆ. ನನ್ನ ಗಂಡ ತೀರ್ಥೇಶ್‌ಗೆ ಅಷ್ಟೂ ಬಾರದು. ಅವರು ಮಗಳ ಮುಂದೆ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದರು.

ಪೆಟ್ಟು ಹೆಚ್ಚು ಬಿದ್ದದ್ದು ನಮ್ಮತ್ತೆ ಮೀನಾಕ್ಷಮ್ಮನವರಿಗೆ. ಸ್ಪೂರ್ತಿ ಬೆಳೆದದ್ದೇ ಅವರ ಮಡಿಲಲ್ಲಿ. ಅತ್ತೆಯದು ಹೊಲದ ಮಾತು, ಪುಸ್ತಕದ ಕನ್ನಡವೂ ಅಲ್ಲ. ಅದು ಮಗಳ ನಾಲಿಗೆಗೆ ಅಂಟಿದರೆ ಇಂಗ್ಲಿಷೂ ಕೆಟ್ಟೀತು ಅಂತ ನಾನೇ ಅವರ ಬಾಯಿ ಕಟ್ಟಿದೆ. ಅವರು ಜಗಳಕ್ಕೆ ಬರಲಿಲ್ಲ. ಊಟಕ್ಕೆ ಕರೆಯಬೇಕಾದರೆ ತಟ್ಟೆ ಬಡಿಯುತ್ತಿದ್ದರು. ಜಡೆ ಹಾಕಬೇಕಾದರೆ ಬಾಚಣಿಗೆ ಎತ್ತಿ ತೋರಿಸುತ್ತಿದ್ದರು. ಮೊಮ್ಮಗಳು ಸುಮ್ಮನೆ ಬಂದು ಕೂರುತ್ತಿದ್ದಳು. ಅದನ್ನು ನಾನು ಶಿಸ್ತು ಅಂದುಕೊಂಡೆ.

ನಮ್ಮ ಬೀದಿಯ ಪ್ರಜ್ಞಾ ಟೀಚರ್ ಸಿಂಗಟಗೆರೆ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಅತ್ತೆ ತಟ್ಟೆ ಬಡಿಯುವುದನ್ನು ಒಮ್ಮೆ ಕಂಡು, ನನ್ನನ್ನು ಪಕ್ಕಕ್ಕೆ ಕರೆದರು.

"ಅನುಷಕ್ಕ, ಇಂಗ್ಲಿಷ್ ಬೇಕು, ಬ್ಯಾಡ ಅಂತ ಯಾರಂದ್ರು? ಅದಕ್ಕೋಸ್ಕರ ಅಜ್ಜಿ ಮಾತು ಯಾಕೆ ಕಿತ್ಕೊಂತೀರಿ?"

"ಎರಡೂ ಕಲಸಿದ್ರೆ ಎರಡೂ ಕೆಡ್ತವೆ ಟೀಚರ್," ಅಂದೆ.

"ತೀರ್ಥೇಶಣ್ಣ ಎಳನೀರು ಲೋಡ್ ಮಾಡ್ಸೋವಾಗ ನೋಡಿದೀರಾ? ಲಾರಿ ಡ್ರೈವರ್ ಹತ್ರ ತಮಿಳು, ಮೆಕ್ಯಾನಿಕ್ ಹತ್ರ ಉರ್ದು, ನಮ್ಮತ್ರ ನಮ್ಮ ಮಾತು. ಯಾರತ್ರ ಯಾವ್ದು ಆಡ್ಬೇಕು ಅಂತ ಅವ್ರಿಗೆ ಗೊತ್ತು. ಯಾವ ಮಾತು ಕೆಟ್ಟೈತೆ ಹೇಳಿ."

ನಾನು ನಕ್ಕು ಒಳಗೆ ಹೋದೆ. ತನ್ನ ಮಗುವಾಗಿದ್ದರೆ ಹೀಗೆ ಹೇಳುತ್ತಿದ್ದಳಾ ಅಂತ ಮನಸ್ಸಿನಲ್ಲೇ ಆಡಿಕೊಂಡೆ. ಆ ಮಾತು ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಹೋದ ಕಾರ್ತಿಕದಲ್ಲಿ ಸ್ಪೂರ್ತಿಗೆ ನೆಗಡಿಯಾಯಿತು. ನಾಲ್ಕು ದಿನಕ್ಕೆ ಹೋಯಿತು ಅಂದುಕೊಂಡೆವು. ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿರುವಾಗ ಅತ್ತೆ ಒಲೆಯ ಹತ್ತಿರ ಬಂದು ನಿಂತರು.

"ಮಗ ಎಲ್ಡು ದಿನದಿಂದ ಕಿವಿ ತಡವ್ಕೊಂತೈತೆ ಕಣಮ್ಮ. ಒಂದೇ ಒಂದ್ಸಲ ನಾನು ಕೇಳ್ಲಾ?"

ಬೇಡ, ನಾನೇ ಕೇಳುತ್ತೇನೆ ಅಂದೆ. ಸ್ಪೂರ್ತಿ ಶೂ ಹಾಕಿಕೊಳ್ಳುತ್ತಿದ್ದಳು. "ಎನಿ ಪ್ರಾಬ್ಲಂ?" ಅಂದೆ. "ನೋ ಪ್ರಾಬ್ಲಂ ಮಮ್ಮಿ," ಅಂದಳು. ಆ ಪ್ರಶ್ನೆಗೆ ಅವಳು ಕಲಿತಿದ್ದ ಉತ್ತರ ಅದೊಂದೇ. ನಾನು ಅತ್ತೆಯ ಕಡೆ ನೋಡಿ, ಕೇಳಿಸಿತಾ ಅನ್ನುವಂತೆ ತಲೆಯಾಡಿಸಿದೆ. ಅತ್ತೆ ಹಿತ್ತಲಿಗೆ ಹೋದರು.

ಅದಾಗಿ ಎಂಟನೇ ದಿನ ಅವಳ ದಿಂಬಿನ ಮೇಲೆ ಕೀವಿನ ಕಲೆ ಕಂಡಿತು. ಕಡೂರಿಗೆ ಓಡಿದೆವು. ಅಲ್ಲಿಂದ ಚಿಕ್ಕಮಗಳೂರಿಗೆ ಕಳಿಸಿದರು. ಕಿವಿಯ ಡಾಕ್ಟರು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಏನಾಗುತ್ತಿತ್ತು ಮಗಳೇ ಅಂತ ಕನ್ನಡದಲ್ಲೇ ಕೇಳಿದರು. ಅವಳು ಬಾಯಿ ತೆರೆಯುವ ಮೊದಲು ನನ್ನ ಮುಖ ನೋಡಿದಳು. ಕನ್ನಡದಲ್ಲಿ ಹೇಳಲು ನನ್ನ ಅಪ್ಪಣೆ ಬೇಕಿತ್ತು ಅವಳಿಗೆ. ಏಳು ವರ್ಷದ ಕೂಸನ್ನು ಅಲ್ಲಿಗೆ ತಂದು ನಿಲ್ಲಿಸಿದ್ದೆ ನಾನು.

ತಲೆಯಾಡಿಸಿದೆ. ಆಮೇಲೆ ಅವಳು ನಿಲ್ಲಿಸಲೇ ಇಲ್ಲ.

"ಒಳ್ಗಡೆ ಜೀರುಂಡೆ ಕೂತಂಗೆ ಗುಂಯ್ ಅಂತಿತ್ತು. ಆಮೇಲೆ ಸೂಜೀಲಿ ಚುಚ್ಚಿದಂಗೆ ಚುಳುಕ್ ಚುಳುಕ್ ಅಂತು. ಮೊನ್ನೆ ಟಪ್ ಅಂತು, ಆಮೇಲೆ ನೋವೇ ಹೊಂಟೋಯ್ತು. ಈ ಕಡೆ ಏನೂ ಕೇಳ್ಸಲ್ಲ."

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಇಂಗ್ಲಿಷಲ್ಲಿ ಬರ್ಲಿಲ್ಲ ಮಮ್ಮಿ."

ತೀರ್ಥೇಶ್ ಗೋಡೆಯ ಕಡೆ ತಿರುಗಿ ನಿಂತರು. ಕಿವಿತಮಟೆ ಹರಿದಿದೆ, ತೂತು ದೊಡ್ಡದಾಗಿದೆ, ಒಳಗೂ ಪೆಟ್ಟಾಗಿದೆ ಅಂದರು ಡಾಕ್ಟರು. ನೋವು ಶುರುವಾದಾಗಲೇ ಕರೆತಂದಿದ್ದರೆ ಔಷಧಿಯಲ್ಲೇ ಹೋಗಬಹುದಿತ್ತಂತೆ. ಅವಳು ದೊಡ್ಡವಳಾದ ಮೇಲೆ ಆಪರೇಷನ್ ಮಾಡಬಹುದು, ಆದರೆ ಎಡಗಿವಿ ಪೂರ್ತಿ ಮೊದಲಿನಂತೆ ಕೇಳಿಸುತ್ತದೆ ಅಂತ ಮಾತು ಕೊಡಲಾರೆ ಅಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಬಾಳು.

ಊರಿಗೆ ಬಂದವಳೇ ಅತ್ತೆಯ ಮುಂದೆ ಕಣ್ಣೀರಿಟ್ಟೆ. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಮನಸ್ಸು ಸ್ವಲ್ಪ ಹಗುರಾಗುತ್ತಿತ್ತು.

ವಾರದ ಮೇಲೆ ಪ್ರಜ್ಞಾ ಟೀಚರನ್ನು ಕೇಳಿಕೊಂಡು ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಬಂದೆ. ಅಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳಿದ್ದಾರೆ, ಉರ್ದುವಿನವರಿದ್ದಾರೆ, ನಮ್ಮ ಮಾತಿನವರಿದ್ದಾರೆ. ದಿನವೂ ಮೊದಲು ಮಕ್ಕಳು ಮನೆಯ ಸುದ್ದಿಯನ್ನು ಮನೆಯ ಮಾತಲ್ಲೇ ಹೇಳಬೇಕು. ಟೀಚರ್ ಅದನ್ನು ಬೋರ್ಡಿನ ಒಂದು ಕಡೆ, ಹೇಳಿದ ಹಾಗೇ ಬರೆಯುತ್ತಾರೆ. ಇನ್ನೊಂದು ಕಡೆ ಅದೇ ಸುದ್ದಿಯನ್ನು ಎಲ್ಲರೂ ಸೇರಿ ಶುದ್ಧ ಇಂಗ್ಲಿಷಿನಲ್ಲಿ ಕಟ್ಟುತ್ತಾರೆ. ಅಜ್ಜಿಗೆ ಯಾವುದು, ಬ್ಯಾಂಕಿನವರಿಗೆ ಯಾವುದು ಅಂತ ಟೀಚರ್ ಕೇಳಿದರೆ ಮಕ್ಕಳೇ ಆರಿಸಿ ಹೇಳುತ್ತಾರೆ. ಯಾವ ಮಾತಿಗೂ ಅಲ್ಲಿ ನಗುವುದಿಲ್ಲ. ಇಂಗ್ಲಿಷ್ ತಪ್ಪಾದರೆ ಬಿಡದೆ ತಿದ್ದುತ್ತಾರೆ.

ನಾನೂ ಮನೆಯಲ್ಲಿ ಹಾಗೇ ಮಾಡುತ್ತಿದ್ದೇನೆ. ಸ್ಪೂರ್ತಿ ಅದೇ ವ್ಯಾನಿನಲ್ಲಿ ಅದೇ ಶಾಲೆಗೆ ಹೋಗುತ್ತಾಳೆ. ಅವಳ ಶಾಲೆಯ ಮಿಸ್ಸಿಗೂ ಎಲ್ಲ ಹೇಳಿದೆ. ಅರ್ಥವಾಗದ್ದನ್ನು ಕನ್ನಡದಲ್ಲೇ ಕೇಳಲಿ ಅಂತ ಅವರೂ ಒಪ್ಪಿದ್ದಾರೆ. ಮೊದಲು ಹೇಳಿಕೊಟ್ಟ ವಾಕ್ಯವನ್ನಷ್ಟೇ ಒಪ್ಪಿಸುತ್ತಿದ್ದವಳು ಈಗ ತಾನೇ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾಳೆ.

ಅತ್ತೆ ಮತ್ತೆ ಮಾತಾಡುತ್ತಾರೆ. ಸಂಜೆ ಜಗುಲಿಯ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಕಥೆ ಹೇಳುತ್ತಾರೆ. ಅವರು ತನ್ನ ಎಡಗಡೆ ಕೂತರೆ ಸ್ಪೂರ್ತಿ ಎದ್ದು ಹೋಗಿ ಅವರ ಇನ್ನೊಂದು ಬದಿಗೆ ಕೂತು, ಬಲಗಿವಿ ಕೊಟ್ಟು ಕೇಳುತ್ತಾಳೆ.

ಅಕ್ಕತಂಗಿಯರೇ, ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಚೆನ್ನಾಗಿಯೇ ಕಲಿಸಿ. ಆದರೆ ಅದಕ್ಕಾಗಿ ಮನೆಯ ಮಾತಿಗೆ ಬೀಗ ಹಾಕಬೇಡಿ. ನಿಮ್ಮದು ಲಂಬಾಣಿಯಿರಲಿ, ಉರ್ದುವಿರಲಿ, ಹೊಲದ ಕನ್ನಡವಿರಲಿ, ಮಗು ಅಳುವುದು ಆ ಮಾತಿನಲ್ಲೇ. ಇದನ್ನು ಓದಿದ ಮೇಲೆ ನಿಮ್ಮ ಮಗುವನ್ನು ಹತ್ತಿರ ಕರೆದು, ಎಲ್ಲಾದರೂ ನೋಯುತ್ತಾ ಅಂತ ನಿಮ್ಮ ಮಾತಿನಲ್ಲೇ ಕೇಳಿ. ನಾನು ಎಂಟು ದಿನ ತಡವಾಗಿ ಕೇಳಿದೆ.