ಮತ್ತಿ ಮರದ ಹಿಂದೆ

"ಎಲ್ಲರೂ ಚಪ್ಪಲಿ ಇಲ್ಲೇ ಬಿಟ್ಟು ಬನ್ನಿ," ಎಂದಳು ಶರಾವತಿ, ಕಾಡಿನ ಅಂಚಿನಲ್ಲಿ ನಿಂತು.

ಶಾಂತಮ್ಮ ಚಪ್ಪಲಿ ಕಳಚಿ, ಸೆರಗು ಹೊದ್ದುಕೊಂಡು, ಸುತ್ತಲೂ ಕಣ್ಣಾಡಿಸಿ, "ದೇವಸ್ಥಾನ ಎಲ್ಲೈತೆ?" ಎಂದು ಕೇಳಿದಳು. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ರಂಗಪ್ಪ ನಗಲಿಲ್ಲ. ಹೆಂಡತಿಯ ಚಪ್ಪಲಿಯನ್ನು ತನ್ನ ಚಪ್ಪಲಿಯ ಪಕ್ಕ ಜೋಡಿಸಿಟ್ಟು, "ಇಲ್ಲೇ ಒಳಗಡೆ. ಬಾ ಶಾಂತಾ," ಎಂದು ಮೆಲ್ಲಗೆ ಹೇಳಿ ಕೈ ಹಿಡಿದುಕೊಂಡ.

"ನಿಮಗೆ ಪುಣ್ಯ ಬರ್ಲಿ ಅಣ್ಣಾ," ಎಂದಳು ಅವಳು.

ಕಟ್ಟಿಕೊಂಡ ಹೆಂಡತಿಯ ಬಾಯಲ್ಲಿ ಅಣ್ಣಾ ಎನಿಸಿಕೊಳ್ಳುವ ಸಂಕಟ ಶತ್ರುವಿಗೂ ಬೇಡ. ಮರೆವಿನ ಕಾಯಿಲೆ ಶುರುವಾದ ಹೊಸತರಲ್ಲಿ ರಂಗಪ್ಪ ತಿದ್ದುತ್ತಿದ್ದ, ರೇಗುತ್ತಿದ್ದ, ಮದುವೆಯ ಫೋಟೊ ತಂದು ಮುಖಕ್ಕೆ ಹಿಡಿಯುತ್ತಿದ್ದ. ಅವಳು ಫೋಟೊದ ಕಪ್ಪು ಮೀಸೆಯವನನ್ನು ನೋಡಿ ನಾಚಿಕೊಂಡು, "ಇವರೇ ನಮ್ಮನೆಯವರು," ಎನ್ನುತ್ತಿದ್ದಳು. ಎದುರಿಗೆ ನಿಂತ ಬಿಳಿ ಮೀಸೆಯವನಿಗೆ ಕಾಫಿ ಕುಡೀತೀರಾ ಎಂದು ಉಪಚಾರ ಮಾಡುತ್ತಿದ್ದಳು. ಮಗಳ ಗುರುತು ಉಳಿದಿತ್ತು, ಹಾಲು ಹಾಕುವವಳ ಗುರುತು ಉಳಿದಿತ್ತು. ಗಂಡನದೊಂದೇ ಅಳಿಸಿಹೋಗಿತ್ತು.

ಈ ಫಾರೆಸ್ಟ್ ಬಾತಿಂಗ್, ಅಂದರೆ ಕಾಡಿನ ಸ್ನಾನದ, ಸುದ್ದಿ ತಂದವಳು ಶಿವಮೊಗ್ಗದ ವಿದ್ಯಾನಗರದಲ್ಲಿದ್ದ ಮಗಳು ಲಿಖಿತಾ. "ಕಾಡಲ್ಲಿ ಸುಮ್ನೆ ನಿಧಾನಕ್ಕೆ ನಡೆಯೋದು ಅಪ್ಪಾ. ಮರ ಮುಟ್ಟೋದು, ಎಲೆ ಮೂಸೋದು, ಒಳ್ಳೆ ಗಾಳಿ ತಗೊಳ್ಳೋದು. ಅಮ್ಮನ ಮನಸ್ಸಿಗೆ ಹಿತವಾಗುತ್ತೆ," ಎಂದಿದ್ದಳು. ಅಪ್ಪ ಸ್ನಾನ ಎನ್ನುವುದನ್ನಷ್ಟೇ ಹಿಡಿದುಕೊಂಡು, ಕಾರ್ಖಾನೆಗೆ ಹೋಗುವ ಕಾಲದ ಕೆಂಪು ಚೌಕಳಿ ಟವೆಲ್ಲನ್ನು ಟ್ರಂಕಿನ ತಳದಿಂದ ಹೊರಗೆಳೆದು, ಸೋಪಿನ ಸಮೇತ ಚೀಲಕ್ಕೆ ತುಂಬಿಕೊಂಡಿದ್ದ. ಕಾರು ಬಿ.ಆರ್. ಪ್ರಾಜೆಕ್ಟ್ ಊರು ದಾಟುವಾಗ ಅದನ್ನು ಕಂಡು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ, ಪಾಪ, ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ತಾನೂ ಜೊತೆಗಿದ್ದರೆ ಅಮ್ಮ ತನ್ನ ಕೈಯನ್ನೇ ಹಿಡಿಯುತ್ತಾಳೆಂದು ಲಿಖಿತಾ ಕಾರಿನಲ್ಲೇ ಉಳಿದಳು. ವಾಕ್ ಮಾಡಿಸುವ ಶರಾವತಿಗೆ ಅಮ್ಮನ ವಿಷಯ ಮೊದಲೇ ತಿಳಿಸಿದ್ದಳು.

ರಂಗಪ್ಪನಿಗೆ ಆರೋಗ್ಯ, ನೆಮ್ಮದಿ ಎಂಬ ದೊಡ್ಡ ದೊಡ್ಡ ಆಸೆಗಳೇನೂ ಇರಲಿಲ್ಲ. ಹಿಂದೆ ಅಡುಗೆಮನೆಯಿಂದ ಕರೆಯುತ್ತಿದ್ದ ಹಾಗೆ ಒಂದೇ ಒಂದು ಸಲ ಅವಳು "ರೀ" ಎಂದುಬಿಟ್ಟರೆ ಸಾಕಿತ್ತು. ಓಗೊಡಲು ಅವನ ಹಳೆಯ ದನಿಯೂ ಈಗ ಇರಲಿಲ್ಲವೆನ್ನಿ. ಕಬ್ಬಿಣದ ಕಾರ್ಖಾನೆಯ ಗದ್ದಲದ ಮೇಲೆ ಕೂಗಿ ಕೂಗಿ ದೊಡ್ಡದಾದ ಗಂಟಲು ಅದು. ಮನೆಯಿರುವ ಜನ್ನಾಪುರದಲ್ಲಿ ರಂಗಪ್ಪ ಕೆಮ್ಮಿದರೆ ದೂರದ ಓಲ್ಡ್ ಟೌನಿನಲ್ಲಿ ತೊಟ್ಟಿಲ ಕೂಸು ಎದ್ದು ಅಳುತ್ತದೆ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. "ಮೆಲ್ಲಗೆ ಮಾತಾಡ್ರೀ, ಇದೇನು ಕಾರ್ಖಾನೇನಾ?" ಎಂಬುದು ಶಾಂತಮ್ಮನ ನಿತ್ಯದ ಮಂತ್ರ. ಆದರೆ ಕಳೆದ ಯುಗಾದಿಯ ದಿನ ಅವನು ಎಂದಿನಂತೆ ಗಟ್ಟಿಯಾಗಿ ಕರೆದಾಗ, ಯಾರೋ ಪರಗಂಡಸು ಮನೆ ಹೊಕ್ಕನೆಂದು ಅವಳು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡುಬಿಟ್ಟಳು. ಅಂದಿನಿಂದ ಅವನು ಪಿಸುಮಾತಿಗೆ ಇಳಿದಿದ್ದ.

ಕಾಡಿನೊಳಗೆ ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಮರಗಳಡಿ ಉದುರಿದ ಒಣ ತೇಗದ ಎಲೆಗಳು ಹಪ್ಪಳದಂತೆ ಕಾಲಡಿ ಮುರಿಯುತ್ತಿದ್ದವು. "ನಿಮಗೆ ಇಷ್ಟವಾದ ಒಂದು ಮರದ ಹತ್ರ ಹೋಗಿ, ಕೈಯಿಟ್ಟು ಸುಮ್ನೆ ನಿಂತ್ಕೊಳ್ಳಿ," ಎಂದಳು ಶರಾವತಿ. ಶಾಂತಮ್ಮ ಒಂದು ದೊಡ್ಡ ಮತ್ತಿ ಮರವನ್ನು ಆರಿಸಿಕೊಂಡಳು. ಬಿರುಕು ಬಿಟ್ಟ ತೊಗಟೆಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು. ಹಣೆಯ ಗಂಟು ಸಡಿಲವಾಯಿತು, ಉಸಿರು ನಿಧಾನವಾಯಿತು. ಅಷ್ಟು ನಿರಾಳವಾಗಿ ಅವಳನ್ನು ಕಂಡು ಎಷ್ಟು ಕಾಲವಾಗಿತ್ತೋ. ಈಗ ಕಣ್ಣು ತೆರೆಯುತ್ತಾಳೆ, ಈಗ ರೀ ಎನ್ನುತ್ತಾಳೆ ಎಂದು ರಂಗಪ್ಪ ಕಾದ.

ಅವಳ ಪಾದಗಳು ಇಬ್ಬನಿಯಲ್ಲಿ ತೊಯ್ದು ತಣ್ಣಗಾಗಿದ್ದವು. ಅವನು ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಟವೆಲ್ ತೆಗೆದು ಒರೆಸಲು ಹೋದ.

"ಅಯ್ಯೋ, ಕಾಲು ಮುಟ್ಬೇಡಿ ಅಣ್ಣಾ!" ಎಂದು ಅವಳು ಹಿಂದೆ ಸರಿದಳು. ಸರಿದವಳ ಕಣ್ಣು ಟವೆಲ್ಲಿನ ಮೇಲೆ ನಿಂತಿತು. ತಟ್ಟನೆ ಕಿತ್ತುಕೊಂಡಳು. "ಇದು ನಮ್ಮನೆಯವರ ಟವೆಲ್ಲು! ನಿಮ್ಮ ಹತ್ರ ಹೆಂಗ್ ಬಂತು?"

"ನಂದೇ ಶಾಂತಾ. ನಾನೇ ಕಣೇ."

"ಈ ಮೂಲೆ ನಾನೇ ಹೊಲಿದಿದ್ದು, ಹಸಿರು ದಾರದಲ್ಲಿ. ಇದನ್ನ ಬಿಟ್ಟು ಅವರು ಎಲ್ಲಿಗೂ ಹೋಗಲ್ಲ. ಅವರೆಲ್ಲಿ? ಏನಾಯ್ತು ಅವ್ರಿಗೆ?"

ದನಿ ಏರಿತು. ಉಳಿದವರು ತಮ್ಮ ತಮ್ಮ ಮರಗಳನ್ನು ಬಿಟ್ಟು ಹತ್ತಿರ ಬಂದರು. ಶರಾವತಿ ಓಡಿಬಂದು ಅವಳ ಭುಜ ಹಿಡಿದಳು.

"ನಮ್ಮನೆಯವರು ಕಾಡಲ್ಲಿ ತಪ್ಪಿಸ್ಕೊಂಡವ್ರೆ ಕಣವ್ವಾ."

ಶರಾವತಿ ರಂಗಪ್ಪನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. "ಹುಡುಕೋಣ ಅಮ್ಮಾ, ಹೆದರಬೇಡಿ. ಅವರ ಹೆಸರು ಹೇಳಿ, ಕೂಗೋಣ," ಎಂದಳು ಅವಳು.

ಶಾಂತಮ್ಮ ಅಡ್ಡಡ್ಡ ತಲೆಯಾಡಿಸಿದಳು. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸು. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗಳಿಂದ ಹೇಳಿಸಿದವಳು. ಹೇಳಿದ್ದು ಒಂದೇ ಸಲ, ಮದುವೆಯಾಗಿ ಬಂದ ದಿನ. ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ನಾದಿನಿ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಾಗ. ಈಗಲೂ ಅವಳು ಅಂದಿನಂತೆಯೇ ತಲೆ ಬಗ್ಗಿಸಿ, ಸೆರಗಿನ ಅಂಚನ್ನು ಬಾಯಿಗೆ ಹಿಡಿದು, ಒಂದೇ ಉಸಿರಿಗೆ ಒಡಪು ಹೇಳಿದಳು:

"ಕತ್ತಲೆ ದಾರಿ, ಕಾಡಿನ ದಾರಿ, ಕಾಲಿಗೆ ಚುಚ್ತು ಮುಳ್ಳು;
ರಂಗಪ್ಪನೋರು ಜೊತೆಗಿದ್ರೆ ಭಯ ಅನ್ನೋದೇ ಸುಳ್ಳು."

ಈ ಸಲ ಯಾರೂ ನಗಲಿಲ್ಲ. ಅಂದು ಹೊಸ್ತಿಲಾಚೆ ಅವಳ ಪಕ್ಕದಲ್ಲಿ ನಿಂತಿದ್ದವನು ಇಂದೂ ಪಕ್ಕದಲ್ಲೇ ನಿಂತಿದ್ದ. "ಇಲ್ಲೇ ಇದೀನಲ್ಲೇ, ಶಾಂತಾ," ಎಂದು ಪಿಸುಗುಟ್ಟಿದ.

ಅವಳು ಅವನಿಗೆ ಕೈಮುಗಿದಳು. "ಅಣ್ಣಾ, ನಿಮ್ಮ ದಮ್ಮಯ್ಯ. ಸ್ವಲ್ಪ ಆ ಕಡೆ ಹೋಗಿ ನೋಡ್ಕೊಂಡು ಬನ್ನಿ. ನಾನು ಕಾಣ್ದಿದ್ರೆ ಅವ್ರಿಗೆ ಜೀವ ನಿಲ್ಲಲ್ಲ."

ರಂಗಪ್ಪ ಹೆಂಡತಿಯ ಮಾತು ಮೀರಿದವನಲ್ಲ. ಹೋದ. ತನ್ನನ್ನೇ ಹುಡುಕಲು ಹೊರಟ ಮನುಷ್ಯ ಎಲ್ಲಿಗೆ ಅಂತ ಹೋಗಬೇಕು? ಬಿದಿರು ಮೆಳೆ ದಾಟಿ, ಇನ್ನೊಂದು ಮತ್ತಿ ಮರದ ಹಿಂದೆ ನಿಂತು, ತೊಗಟೆಗೆ ಹಣೆ ಒತ್ತಿ ಅತ್ತ. ಹಿಂದಿನಿಂದ ಶರಾವತಿ, "ರಂಗಪ್ಪ ಸಾರ್," ಎಂದು ಕೂಗುವುದು ಕೇಳಿಸಿತು. ಉಳಿದವರೂ ದನಿಗೂಡಿಸಿದರು. ಆಮೇಲೆ ಅವರೆಲ್ಲರ ನಡುವಿನಿಂದ ನಡುಗುವ ಒಂದು ಸಣ್ಣ ದನಿ ಬಂತು.

"ರಂಗಪ್ಪಾ... ರಂಗಪ್ಪನೋರೇ..."

ಮದುವೆಯಾದ ಹೊಸತರಲ್ಲಿ, ಭದ್ರಾ ಹೊಳೆಯ ದಂಡೆಯಲ್ಲಿ, ಯಾರೂ ಇಲ್ಲ ಒಂದು ಸಲ ಹೆಸರು ಹೇಳೇ ಎಂದು ಅವನು ಅಂಗಲಾಚಿದಾಗಲೂ ಅವಳು ಹೇಳಿರಲಿಲ್ಲ. ಅದುಮಿಟ್ಟಿದ್ದ ಹಳೆಯ ದನಿ ಅವನನ್ನು ಕೇಳದೆಯೇ ಹೊರಬಿತ್ತು.

"ಓ! ಬಂದೇ ಕಣೇ!"

ಗಿಳಿಗಳ ಹಿಂಡೊಂದು ಮೇಲೆದ್ದು ಹಾರಿತು. ಆಮೇಲೆ ಶಾಂತಮ್ಮ ಅಳುತ್ತಲೇ ನಕ್ಕದ್ದು ಕೇಳಿಸಿತು.

"ಮೆಲ್ಲಗೆ ಕೂಗ್ರೀ, ಇದೇನು ಕಾರ್ಖಾನೇನಾ? ಎಲ್ಲಿ ಹೋಗಿದ್ರಿ? ಬೇಗ ಬನ್ರೀ!"

ರಂಗಪ್ಪ ಮರದ ಮರೆಯಿಂದ ಒಂದು ಹೆಜ್ಜೆ ಮುಂದಿಟ್ಟ. ಬಿದಿರಿನ ಸಂದಿಯಲ್ಲಿ ಅವಳು ಕಂಡಳು. ಟವೆಲ್ಲನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಮುಂಗುರುಳು ತೀಡಿಕೊಂಡು, ಈ ಕಡೆಗೇ ನೋಡುತ್ತಿದ್ದಳು. ಫೋಟೊದಲ್ಲಿದ್ದವಳ ಮುಖ ಅದೇ, ಅದೇ ನಾಚಿಕೆ. ಇನ್ನು ನಾಲ್ಕು ಹೆಜ್ಜೆ ಹೋದರೆ ಅವಳಿಗೆ ಕಾಣುವುದು ಬಿಳಿ ಮೀಸೆಯ ಅಣ್ಣ.

ಅವನು ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ.

"ರೀ, ಬಂದ್ರಾ?"

"ಬಂದೆ!" ಎಂದು ಗಟ್ಟಿಯಾಗಿ ಕೂಗಿದ ರಂಗಪ್ಪ. "ಬಂದೆ ಕಣೇ, ಅಲ್ಲೇ ಇರು!"

ಮರಕ್ಕೆ ಬೆನ್ನು ಆನಿಸಿ, ಬರಿಗಾಲ ಕೆಳಗಿನ ತೇಗದ ಎಲೆ ಸದ್ದಾಗದ ಹಾಗೆ ನಿಂತುಕೊಂಡ.